‘ಸೌದಾದೆ’: ಒಂದು ಪೋರ್ಚುಗೀಸ್–ಗಲೀಸಿಯನ್ ಪದದ ನಿಷ್ಪತ್ತಿ ಮತ್ತು ಪ್ರಾದೇಶಿಕ ಅರ್ಥಗಳು

ಪೋರ್ಚುಗೀಸ್ ಭಾಷೆಯ ‘ಸೌದಾದೆ’ ಎಂಬ ನಾಮಪದಕ್ಕೆ ಭಾಷಾಶಾಸ್ತ್ರದ ಹೊರಗೆ ದೊರೆತಿರುವ ಖ್ಯಾತಿಯು ಭಾಷಾಶಾಸ್ತ್ರದ ಒಳಗಿನ ಅಧ್ಯಯನಕ್ಕೆ ನೆರವಾಗಿರುವುದಕ್ಕಿಂತ ತೊಡಕಾಗಿರುವುದೇ ಹೆಚ್ಚು. ದೂರವಾದ ವ್ಯಕ್ತಿ, ಸ್ಥಳ ಅಥವಾ ಕಾಲದ ನೆನಪು ಮತ್ತು ಆ ನೆನಪಿನೊಡನೆ ಏಳುವ ಹಂಬಲ ಎಂಬುದು ಇದರ ಸಾಮಾನ್ಯ ಅರ್ಥ. ಇದು ಅನ್ಯ ಭಾಷೆಗೆ ಒಗ್ಗದ ಪದ, ಒಂದು ಜನಾಂಗದ ಅಂತರಂಗವನ್ನೇ ಹಿಡಿದಿಟ್ಟ ಪದ ಎಂಬ ಮಾತು ಎಷ್ಟು ಪ್ರಚುರವಾಗಿದೆಯೆಂದರೆ, ‘ಭಾಷೆ ಮತ್ತು ಮನೋಧರ್ಮ’ ಎಂಬ ವಿಷಯ ಬಂದಲ್ಲೆಲ್ಲ ಇದು ಸಿದ್ಧ ಉದಾಹರಣೆಯಾಗಿ ಬಂದು ನಿಲ್ಲುತ್ತದೆ. ನಾವು ಇಲ್ಲಿ ಆ ಖ್ಯಾತಿಯನ್ನು ಬದಿಗಿರಿಸಿ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇವೆ. ಲ್ಯಾಟಿನ್ ಮೂಲದಿಂದ ಈ ರೂಪ ಹೇಗೆ ಬಂದಿತು? ಮೂಲದಲ್ಲಿ ‘ಒಂಟಿತನ’ವಾಗಿದ್ದ ಅರ್ಥವು ಪೋರ್ಚುಗಲ್‌ನಲ್ಲಿ ಒಂದು ಬಗೆಯಾಗಿಯೂ ಗಲೀಸಿಯಾದಲ್ಲಿ ಇನ್ನೊಂದು ಬಗೆಯಾಗಿಯೂ ಏಕೆ ನೆಲೆನಿಂತಿತು? ಮೊದಲನೆಯದಕ್ಕೆ ಸಿಗುವ ಉತ್ತರವು ಎರಡನೆಯದನ್ನು ಬಹುಮಟ್ಟಿಗೆ ಬಿಡಿಸುತ್ತದೆ ಎಂಬುದು ನಮ್ಮ ವಾದ.

ಲಿಪ್ಯಂತರದ ಬಗ್ಗೆ ಒಂದು ಮಾತು. ನಾವು ಪದಗಳ ಬರಹವನ್ನು ಅನುಸರಿಸಿದ್ದೇವೆಯೇ ಹೊರತು ಉಚ್ಚಾರಣೆಯನ್ನಲ್ಲ. ಇಂದು ಲಿಸ್ಬನ್ನಿನಲ್ಲಿ ಈ ಪದದ ಕೊನೆಯ ಸ್ವರ ಕೇಳಿಸುವುದೇ ಕಷ್ಟ. ಬ್ರೆಜಿಲ್‌ನ ಬಹುಭಾಗದಲ್ಲಿ ಕೊನೆಯ ಅಕ್ಷರ ‘ಜಿ’ ಎಂಬುದಕ್ಕೆ ಹತ್ತಿರವಾಗುತ್ತದೆ.

ರೂಪದ ಇತಿಹಾಸ

ಮೂಲವು ಲ್ಯಾಟಿನ್ನಿನ ‘ಸೋಲಿತಾತೆಮ್’, ಅಂದರೆ ಒಂಟಿತನ. ‘ಸೋಲುಸ್’ (ಒಂಟಿ) ಎಂಬ ಗುಣವಾಚಕದಿಂದ ಸಾಧಿತವಾದ ಭಾವನಾಮ. ಕ್ಯಾಸ್ಟಿಲಿಯನ್ನಿನ ‘ಸೊಲೆದಾದ್’ ಇದರದೇ ಜ್ಞಾತಿಪದ. ಐಬೀರಿಯಾದ ವಾಯವ್ಯ ಭಾಗದ ಭಾಷೆಯನ್ನು, ಎಂದರೆ ಗಲೀಸಿಯನ್ ಮತ್ತು ಪೋರ್ಚುಗೀಸ್ ಇನ್ನೂ ಕವಲೊಡೆಯದಿದ್ದ ಹಂತದ ಭಾಷೆಯನ್ನು, ಅದರ ನೆರೆಯ ಭಾಷೆಗಳಿಂದ ಬೇರ್ಪಡಿಸುವ ಮುಖ್ಯ ಲಕ್ಷಣಗಳಲ್ಲಿ ಸ್ವರಮಧ್ಯ ಲಕಾರದ ಲೋಪವೂ ಒಂದು. ಲ್ಯಾಟಿನ್ನಿನ ‘ದೊಲೋರೆಮ್’ (ನೋವು) ಕ್ಯಾಸ್ಟಿಲಿಯನ್ನಿನಲ್ಲಿ ‘ದೊಲೊರ್’ ಆಗಿ ಉಳಿದರೆ ಇಲ್ಲಿ ‘ದೊರ್’ ಆಯಿತು. ‘ಸಲೀರೆ’ ಅಲ್ಲಿ ‘ಸಲಿರ್’, ಇಲ್ಲಿ ‘ಸಇರ್’. ‘ವೊಲಾರೆ’ ಅಲ್ಲಿ ‘ವೊಲಾರ್’, ಇಲ್ಲಿ ‘ವೊಆರ್’. ಈ ನಿಯಮದಂತೆ ‘ಸೋಲಿತಾತೆಮ್’ ಎಂಬುದರಿಂದ ‘ಸೊಇದಾದೆ’ ಬರಬೇಕು, ಬಂದಿದೆ ಕೂಡ. ಮಧ್ಯಯುಗದ ಗಲೀಸಿಯನ್–ಪೋರ್ಚುಗೀಸ್ ಗೀತಸಂಪುಟಗಳಲ್ಲಿ ‘ಸೊಇದಾದೆ’, ‘ಸುಇದಾದೆ’ ಎಂಬ ರೂಪಗಳೇ ಕಾಣುತ್ತವೆ.

ಆದರೆ ಇಷ್ಟಕ್ಕೇ ತೃಪ್ತರಾಗುವಂತಿಲ್ಲ. ‘ಬೊನಿತಾತೆಮ್’ ಎಂಬುದು ‘ಬೊಂದಾದೆ’ ಆಯಿತು, ‘ವೆರಿತಾತೆಮ್’ ಎಂಬುದು ‘ವೆರ್ದಾದೆ’ ಆಯಿತು. ಎರಡರಲ್ಲಿಯೂ ಆಘಾತಕ್ಕೆ ಮುಂಚಿನ ಇಕಾರ ಲೋಪವಾಗಿದೆ. ‘ಕಾಲಿದುಮ್’ ಎಂಬುದು ‘ಕಾಲ್ದು’ ಆದ ಬಗೆಯನ್ನು ನೋಡಿದರೆ, ಇಕಾರ ಮೊದಲೇ ಬಿದ್ದುಹೋದ ಕಡೆ ಲಕಾರವು ಸ್ವರಗಳ ನಡುವೆ ಇರದ ಕಾರಣ ಉಳಿದುಕೊಳ್ಳುತ್ತದೆ ಎಂಬುದೂ ಸ್ಪಷ್ಟ. ಹಾಗಾದರೆ ಬಾಯಿಂದ ಬಾಯಿಗೆ ಬಂದ ಅಚ್ಚ ತದ್ಭವವು ‘ಸೊಲ್ದಾದೆ’ ಎಂದಿರಬೇಕಿತ್ತು. ಇಕಾರ ಉಳಿದು ಲಕಾರ ಅಳಿದಿರುವುದು ಎರಡು ಸಾಧ್ಯತೆಗಳನ್ನು ಸೂಚಿಸುತ್ತದೆ. ಒಂದೋ, ಇದು ಚರ್ಚಿನ ಲ್ಯಾಟಿನ್ನಿನ ನೆರಳಿನಲ್ಲಿ ಇಕಾರವನ್ನು ಉಳಿಸಿಕೊಂಡು, ಲಕಾರಲೋಪ ನಡೆಯುವ ಮೊದಲೇ ಆಡುಮಾತಿಗೆ ಇಳಿದ ಅರ್ಧತತ್ಸಮ. ಇಲ್ಲವೇ, ಲಕಾರ ಕಳೆದುಕೊಂಡ ‘ಸೊಒ’ (ಒಂಟಿ) ಎಂಬ ಗುಣವಾಚಕಕ್ಕೆ ಭಾವನಾಮ ಪ್ರತ್ಯಯವನ್ನು ಹೊಸದಾಗಿ ಹಚ್ಚಿ ಮಾಡಿಕೊಂಡ ರೂಪ. ನಮಗೆ ಎರಡನೆಯ ಸಾಧ್ಯತೆಯೂ ಕಡೆಗಣಿಸತಕ್ಕದ್ದಲ್ಲ ಎನಿಸುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಒಂದು ಮಾತು ನಿಲ್ಲುತ್ತದೆ: ಮಧ್ಯಯುಗದ ಭಾಷಿಕನ ಕಿವಿಗೆ ‘ಸೊಇದಾದೆ’ಯಲ್ಲಿ ‘ಒಂಟಿ’ ಎಂಬುದು ಕೇಳಿಸುತ್ತಿತ್ತು.

ನಿಜವಾದ ಸಮಸ್ಯೆ ಆಮೇಲಿನದು. ‘ಸೊಇ–’, ‘ಸುಇ–’ ಎಂಬ ಮೊದಲ ಭಾಗವು ‘ಸಉ–’ ಆದುದನ್ನು ಯಾವ ಧ್ವನಿನಿಯಮವೂ ವಿವರಿಸದು. ಹೊಸ ರೂಪ ಬಳಕೆಗೆ ಬಂದ ಮೇಲೂ ಅದು ಕೆಲಕಾಲ ಸಂಧ್ಯಕ್ಷರವಾಗಿರಲಿಲ್ಲ. ವಿರಹದ ಬೆಳಗನ್ನು ಕುರಿತ ಕಮೋಯಿಂಶನ ಪ್ರಸಿದ್ಧ ಸುನೀತದಲ್ಲಿ ಮೂರನೆಯ ಸಾಲಿನ ಕೊನೆಗೆ ಈ ಪದ ಬರುತ್ತದೆ. ಅಲ್ಲಿ ‘ಸ–ಉ–ದಾ–ದೆ’ ಎಂದು ನಾಲ್ಕು ಅಕ್ಷರಗಳಾಗಿ ಬಿಡಿಸಿ ಓದದಿದ್ದರೆ ಛಂದಸ್ಸು ಕೂಡುವುದಿಲ್ಲ. ಕನ್ನಡ ಲಿಪಿಯಲ್ಲಿ ‘ಸೌ’ ಎಂದು ಒಂದೇ ಅಕ್ಷರವಾಗಿ ಬರೆಯುವ ನಾವು ಈ ಸಂಗತಿಯನ್ನು ಮರೆಯಬಾರದು.

ಕರೊಲೀನಾ ಮಿಕಾಯೆಲಿಸ್ ದೆ ವಾಸ್ಕೊನ್ಸೆಲೊಸ್ ಅವರು ‘ಪೋರ್ಚುಗೀಸ್ ಸೌದಾದೆ’ ಎಂಬ ತಮ್ಮ 1914ರ ಗ್ರಂಥದಲ್ಲಿ ಮುಂದಿಟ್ಟ ಉತ್ತರವು ಇಂದಿಗೂ ಹೆಚ್ಚು ಮಾನ್ಯವಾದುದು. ಲ್ಯಾಟಿನ್ನಿನ ‘ಸಲೂತೆಮ್’ (ಕ್ಷೇಮ), ‘ಸಲುತಾರೆ’ (ವಂದಿಸು) ಎಂಬವುಗಳಿಂದ ಅದೇ ಲಕಾರಲೋಪದ ದಾರಿಯಲ್ಲಿ ‘ಸಊದೆ’, ‘ಸಉದಾರ್’ ಎಂಬ ಪದಗಳು ಬಂದಿದ್ದವು. ‘ಸುಇದಾದೆ’ಯು ಈ ಕುಟುಂಬದ ಸಾದೃಶ್ಯಕ್ಕೆ ಒಳಗಾಯಿತು. ಅರ್ಥದ ನೆಲೆಯಲ್ಲಿ ಇವೆರಡೂ ಕೂಡುವ ಜಾಗ ಯಾವುದೆಂದು ದೂರ ಹುಡುಕಬೇಕಿಲ್ಲ: ಅಗಲಿದವನಿಗೆ ಕ್ಷೇಮವನ್ನು ಹಾರೈಸಿ ಹೇಳಿ ಕಳಿಸುವ ವಂದನೆ ಮತ್ತು ಅಗಲಿದವನ ಹಂಬಲ ಒಂದೇ ಓಲೆಯಲ್ಲಿ ಇರತಕ್ಕವು. ಪೋರ್ಚುಗೀಸ್ ನಿಘಂಟುಗಳು ‘ಸೌದಾದೆಸ್’ ಎಂಬ ಬಹುವಚನಕ್ಕೆ ‘ದೂರದಲ್ಲಿರುವವರಿಗೆ ತಿಳಿಸುವ ಅಕ್ಕರೆಯ ವಂದನೆ’ ಎಂಬ ಅರ್ಥವನ್ನೂ ಕೊಡುತ್ತವೆ. ಸಾದೃಶ್ಯವಾದಕ್ಕೆ ಇದಕ್ಕಿಂತ ನೇರವಾದ ಆಧಾರ ಬೇಕಿಲ್ಲವೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಪ್ರತಿಯಾಗಿ ಅರಬಿ ಮೂಲದ ವಾದವೊಂದು ಇದೆ. ಅರಬಿಯ ‘ಸೌದಾ’ ಎಂದರೆ ಕಪ್ಪು ಪಿತ್ತ, ಅದರ ಪ್ರಕೋಪದಿಂದ ಬರುವ ವಿಷಾದ. ಉರ್ದು ಕಾವ್ಯವನ್ನು ಬಲ್ಲವರಿಗೆ ಈ ಪದ ಉನ್ಮಾದ, ವ್ಯಾಮೋಹ ಎಂಬ ಅರ್ಥಗಳಲ್ಲಿ ಪರಿಚಿತವೇ. 18ನೆಯ ಶತಮಾನದ ಒಬ್ಬ ದೊಡ್ಡ ಕವಿಯ ಕಾವ್ಯನಾಮವೂ ಅದೇ. ಹಾಗಾಗಿ ಭಾರತೀಯ ಓದುಗನಿಗೆ ಈ ವಾದದ ಆಕರ್ಷಣೆ ತುಸು ಹೆಚ್ಚೇ ಇರಬಹುದು. ಧ್ವನಿಸಾಮ್ಯವೂ ಇದೆ, ಅರ್ಥಸಾಮ್ಯವೂ ಇದೆ, ಐಬೀರಿಯಾದಲ್ಲಿ ಅರಬಿಯ ದೀರ್ಘ ಸಂಪರ್ಕವೂ ಇದೆ. ಆದರೂ ವಾದ ನಿಲ್ಲುವುದಿಲ್ಲ. ಅದು ವಿವರಿಸುವುದು ‘ಸಉ–’ ಎಂಬ ಈಚಿನ ರೂಪವನ್ನು ಮಾತ್ರ. ಅದಕ್ಕಿಂತ ಹಿಂದಿನ ‘ಸೊಇದಾದೆ’, ‘ಸುಇದಾದೆ’ಗಳು ಅದರ ಹಿಡಿತಕ್ಕೆ ಸಿಗುವುದಿಲ್ಲ. ಇನ್ನೂ ಮುಖ್ಯವಾದುದು ಅರ್ಥದ ಕಾಲಗಣನೆ. 1325ರಲ್ಲಿ ತೀರಿಕೊಂಡ ದೊರೆ ದಿನೀಸನ ಪ್ರೇಮಗೀತೆಯೊಂದರಲ್ಲಿ ‘ಸೊಇದಾದೆ’ ಎಂಬ ಹಳೆಯ ರೂಪವೇ ಬಂದಿದೆ. ಅಲ್ಲಿ ಅದರ ಅರ್ಥ ಒಂಟಿತನವಲ್ಲ, ಕಣ್ಣಿಗೆ ಬೀಳದ ಒಡತಿಗಾಗಿ ಪಡುವ ಹಂಬಲ. ಅಂದರೆ ಅರ್ಥಪಲ್ಲಟವು ರೂಪಪಲ್ಲಟಕ್ಕಿಂತ ಮುಂಚಿನದು. ಹಂಬಲದ ಅರ್ಥವನ್ನು ತರಲು ಅರಬಿಯ ಅಗತ್ಯವೇ ಇರಲಿಲ್ಲ. ‘ಸಊದೆ’ಯ ಪ್ರಭಾವವೂ ಆ ಅರ್ಥವನ್ನು ಹುಟ್ಟಿಸಲಿಲ್ಲ. ಆಗಲೇ ಹುಟ್ಟಿದ್ದ ಅರ್ಥವೇ ಆ ಪ್ರಭಾವಕ್ಕೆ ದಾರಿ ಮಾಡಿತು. ಈ ಅನುಕ್ರಮವನ್ನು ತಲೆಕೆಳಗು ಮಾಡಿದ್ದರಿಂದಲೇ ಈ ಪದದ ಬಗ್ಗೆ ಅಷ್ಟೊಂದು ಊಹಾಪೋಹ ಬೆಳೆದಿದೆ. ಸಂಶೋಧನ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಎಚ್ಚರಿಕೆಯ ಪಾಠ. ಇಂದಿನ ರೂಪವನ್ನು ಹಿಡಿದು ದೂರದ ಭಾಷೆಯಲ್ಲಿ ಅದರ ಪಡಿಯಚ್ಚನ್ನು ಹುಡುಕುವ ಚಪಲ ನಮ್ಮ ಭಾಷೆಗಳ ನಿಷ್ಪತ್ತಿ ಚರ್ಚೆಯಲ್ಲೂ ಅಪರೂಪವಲ್ಲ.

‘ಸೌದೋಸು’ (ಹಂಬಲಿಸುವ, ಹಂಬಲ ಹುಟ್ಟಿಸುವ) ಎಂಬ ಗುಣವಾಚಕವೂ ಇದೇ ದಾರಿಯಲ್ಲಿ ‘ಸುಇದೋಸು’ ಎಂಬುದರಿಂದ ಬಂದುದು, ಎರಡು ದಕಾರಗಳಲ್ಲಿ ಒಂದು ಅಕ್ಷರಲೋಪಕ್ಕೆ ತುತ್ತಾಗಿದೆ. ಇಂದು ವ್ಯಕ್ತಿನಾಮದ ಮುಂದೆ ಬಂದಾಗ ಅದು ಬಹುತೇಕ ನಮ್ಮ ‘ದಿವಂಗತ’ದ ಕೆಲಸ ಮಾಡುತ್ತದೆ.

ಒಂಟಿತನದಿಂದ ಹಂಬಲಕ್ಕೆ

ಒಂಟಿತನವನ್ನು ಹೇಳುವ ಪದ ಹಂಬಲವನ್ನು ಹೇಳತೊಡಗುವುದು ಪೋರ್ಚುಗೀಸಿನ ವೈಶಿಷ್ಟ್ಯವಲ್ಲ. ಕ್ಯಾಸ್ಟಿಲಿಯನ್ನಿನ ‘ಸೊಲೆದಾದ್’ ಪದಕ್ಕೆ ಸ್ಪೇನಿನ ರಾಜ ಅಕಾಡೆಮಿಯ ನಿಘಂಟು ಒಂಟಿತನದ ಜೊತೆಗೆ ‘ಅಗಲಿಕೆ ಅಥವಾ ಮರಣದಿಂದಾಗುವ ವಿಷಾದ’ ಎಂಬ ಅರ್ಥವನ್ನು ಇಂದಿಗೂ ಕೊಡುತ್ತದೆ. ಗಲೀಸಿಯಾದ ಪೂರ್ವಕ್ಕಿರುವ ಅಸ್ತೂರಿಯಾಸಿನ ಭಾಷೆಯಲ್ಲಿ ‘ಸೆಞರ್ದಾ’ ಎಂದರೆ ಹಂಬಲ. ಅದರ ಮೂಲ ಲ್ಯಾಟಿನ್ನಿನ ‘ಸಿಂಗುಲಾರಿತಾತೆಮ್’, ಒಬ್ಬನೇ ಆಗಿರುವಿಕೆ. ಬೇರೊಂದು ಧಾತುವಿನಿಂದ ಹೊರಟು ಅದೇ ತಾಣವನ್ನು ಮುಟ್ಟಿದ ಪದವಿದು. ಕ್ಯಾಟಲನ್ನಿನ ಹಾದಿ ಬೇರೆ: ಅಲ್ಲಿನ ‘ಎಞೊರಾರ್’ ಎಂಬ ಕ್ರಿಯಾಪದ ‘ಇಗ್ನೊರಾರೆ’, ಅಂದರೆ ‘ಅರಿಯದಿರು’ ಎಂಬುದರಿಂದ ಬಂದುದು, ದೂರದಲ್ಲಿರುವವನ ಸುದ್ದಿ ತಿಳಿಯದ ಸಂಕಟವೇ ಹಂಬಲವಾಗಿದೆ.

ಹಾಗಿದ್ದರೆ ಪೋರ್ಚುಗೀಸಿನಲ್ಲಿ ಆದ ವಿಶೇಷವೇನು? ನಮ್ಮ ದೃಷ್ಟಿಯಲ್ಲಿ ಅದು ಅರ್ಥದ ಹುಟ್ಟಲ್ಲ, ಅರ್ಥದ ಹಂಚಿಕೆ. ಲ್ಯಾಟಿನ್ನಿನ ‘ಸೋಲಿತೂದಿನೆಮ್’ ಎಂಬ ಇನ್ನೊಂದು ಭಾವನಾಮದಿಂದ ಹಳೆಯ ಪೋರ್ಚುಗೀಸಿನಲ್ಲಿ ‘ಸೊಇದಾಂವ್’ ಇತ್ತು. ಅದರ ಜಾಗಕ್ಕೆ ‘ಸೊಲಿದಾಂವ್’ ಎಂಬ, ಲಕಾರವನ್ನು ಮರಳಿ ಪಡೆದ ಪಂಡಿತರೂಪ ಬಂದು ‘ಒಂಟಿತನ’ದ ಅರ್ಥವನ್ನು ಪೂರ್ತಿಯಾಗಿ ವಹಿಸಿಕೊಂಡಿತು. ಇತ್ತ ‘ಸೊಇದಾದೆ’ ತನ್ನ ಮೊದಲ ಸ್ವರವನ್ನೇ ಬದಲಿಸಿಕೊಂಡು ‘ಸೌದಾದೆ’ಯಾದಾಗ, ‘ಸೊ’ (ಒಂಟಿ) ಎಂಬ ಪದದೊಡನೆ ಅದಕ್ಕಿದ್ದ ಕಣ್ಣಿಗೆ ಕಾಣುವ ನಂಟು ಕಡಿದುಹೋಯಿತು. ಇಂದಿನ ಪೋರ್ಚುಗೀಸ್ ಭಾಷಿಕನಿಗೆ ಅದು ಬಿಡಿಸಲಾಗದ ಪದ. ಒಂದು ಅರ್ಥಕ್ಕೆ ಒಂದೇ ಪದ, ಆ ಪದಕ್ಕೆ ಕುಟುಂಬದ ಗುರುತಿಲ್ಲ. ಅದು ಅನನ್ಯವೆಂದು ತೋರುವುದರಲ್ಲಿ ಆಶ್ಚರ್ಯವೇನಿದೆ?

ಗಲೀಸಿಯಾದಲ್ಲಿ ಈ ಹಂಚಿಕೆ ನಡೆಯಲಿಲ್ಲ, ಇಲ್ಲವೇ ಅರ್ಧಕ್ಕೆ ನಿಂತಿತು. ಅಲ್ಲಿ ‘ಸೊಇದಾದೆ’ ಜೀವಂತವಾಗಿದೆ. ‘ಸೊ’ ಅದರೊಳಗೆ ಇನ್ನೂ ಕೇಳಿಸುತ್ತದೆ. ಒಂಟಿತನ ಅದರ ಮೊದಲ ಅರ್ಥ. ‘ಸೌದಾದೆ’ ಎಂಬ ರೂಪವೂ ಉಂಟು. 20ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಕವಿ ತೆಇಶೇಇರಾ ದೆ ಪಸ್ಕೊಆಯೆಸ್ ಅವರೊಡನೆ ಗಲೀಸಿಯನ್ ಲೇಖಕರು ಬೆಳೆಸಿದ ಸಂಪರ್ಕ, 1920ರಲ್ಲಿ ಆರಂಭವಾದ ‘ನೋಸ್’ ಪತ್ರಿಕೆಯ ವಲಯದ ಬರಹ ಇವುಗಳಿಂದ ಆ ರೂಪಕ್ಕೆ ಸಾಹಿತ್ಯದ ಮನ್ನಣೆ ಹೆಚ್ಚಿತು. ಆದರೆ ಊರು ಬಿಟ್ಟವನ ಸಂಕಟಕ್ಕೆ, ಕ್ಯೂಬಾ ಅರ್ಜೆಂಟೀನಾಗಳಿಗೆ ಹಡಗು ಹತ್ತಿದವನ ತವರ ಹಂಬಲಕ್ಕೆ, ಗಲೀಸಿಯನ್ನರ ಬಾಯಲ್ಲಿ ಮೊದಲು ಬರುವ ಪದ ಬೇರೆ: ‘ಮೊರ್ರಿಞ’.

‘ಮೊರ್ರಿಞ’ದ ಪ್ರಾದೇಶಿಕ ಅರ್ಥಗಳ ಹರಹು ಸೌದಾದೆಯದಕ್ಕಿಂತಲೂ ಬೆರಗು ಹುಟ್ಟಿಸುವಂಥದು. ಅದರ ಹಳೆಯ ಅರ್ಥ ಜಾನುವಾರುಗಳಿಗೆ, ವಿಶೇಷವಾಗಿ ಕುರಿಗಳಿಗೆ, ತಗಲುವ ರೋಗ. ಗಲೀಸಿಯನ್ನಿನಲ್ಲಿ ಮೇವು ಬಿಟ್ಟು ಸೊರಗುವ ಪಶುವಿನ ಸ್ಥಿತಿಯು ಊರ ನೆನಪಿನಲ್ಲಿ ಸೊರಗುವ ಮನುಷ್ಯನಿಗೆ ಸಂದಿತು. ಅಲ್ಲಿಂದ ಅದು ಕ್ಯಾಸ್ಟಿಲಿಯನ್ನಿಗೂ ಹೋಯಿತು. ಎಮಿಲಿಯಾ ಪಾರ್ದೊ ಬಸಾನ್ 1889ರಲ್ಲಿ ಪ್ರಕಟಿಸಿದ ಕ್ಯಾಸ್ಟಿಲಿಯನ್ ಕಾದಂಬರಿಯೊಂದರ ಹೆಸರೇ ‘ಮೊರ್ರಿಞ’. ಗಡಿ ದಾಟಿ ಪೋರ್ಚುಗಲ್‌ಗೆ ಬಂದರೆ ಅದೇ ಪದ ಜಾನುವಾರು ರೋಗವಾಗಿಯೇ ಉಳಿದು, ಜೊತೆಗೆ ತುಂತುರು ಮಳೆ ಎಂಬ ಅರ್ಥವನ್ನೂ ಪಡೆದಿದೆ. ಬ್ರೆಜಿಲ್‌ನಲ್ಲಿ ಅದು ದೇಹದ ದುರ್ನಾತ. ಗಲೀಸಿಯನ್ ಕವಿಯ ಹೃದಯಸ್ಪರ್ಶಿ ಸಾಲೊಂದು ಬ್ರೆಜಿಲ್‌ನ ಓದುಗನಿಗೆ ಏನಾಗಿ ಕೇಳಿಸೀತೆಂಬುದನ್ನು ನಾವು ಓದುಗರ ಊಹೆಗೆ ಬಿಡುತ್ತೇವೆ.

ಈ ಎರಡು ಪದಗಳ ನಡುವಿನ ಗೆರೆಯನ್ನು ಗಲೀಸಿಯನ್ ಚಿಂತಕ ರಮೋನ್ ಪಿಞೇಇರೊ 1950ರ ದಶಕದಿಂದ ತತ್ತ್ವಶಾಸ್ತ್ರದ ಭಾಷೆಯಲ್ಲಿ ಎಳೆದರು. ಅವರ ಪ್ರಕಾರ ಮೊರ್ರಿಞಕ್ಕೆ ಗುರಿಯಾದ ವಸ್ತುವುಂಟು, ಅದು ಬಿಟ್ಟುಬಂದ ನೆಲ. ಸೌದಾದೆ ವಸ್ತುವಿಲ್ಲದ ಭಾವ, ಮನುಷ್ಯನ ಇರವಿನೊಳಗಿನ ಒಂಟಿತನದ ಅನುಭವ. ತತ್ತ್ವವಾಗಿ ಇದರ ಮೌಲ್ಯವನ್ನು ಅಳೆಯುವುದು ನಮ್ಮ ಕೆಲಸವಲ್ಲ. ಭಾಷಾಶಾಸ್ತ್ರದ ಕಣ್ಣಿಗೆ ಇಲ್ಲೊಂದು ಸ್ವಾರಸ್ಯವಿದೆ. ವಸ್ತುವಿಲ್ಲದ ಸೌದಾದೆ ಎಂಬ ಕಲ್ಪನೆ ‘ಸೊಇದಾದೆ’ ಬಳಕೆಯಲ್ಲಿರುವ ಭಾಷೆಯಲ್ಲಿ ಸುಲಭವಾಗಿ ಹುಟ್ಟಬಲ್ಲುದು. ಪೋರ್ಚುಗೀಸಿನಲ್ಲಾದರೋ ಈ ಪದ ವಾಕ್ಯದಲ್ಲಿ ಬಂದಾಗ ‘ಯಾವುದರ’ ಎಂಬ ಪೂರಕವನ್ನು ಸಾಮಾನ್ಯವಾಗಿ ಬಯಸುತ್ತದೆ. ತಾಯಿಯ ಸೌದಾದೆ, ಊರಿನ ಸೌದಾದೆ, ಬೇಯಿಸಿದ ಮೀನಿನ ಸೌದಾದೆ. ಪಿಞೇಇರೊ ಅವರ ವ್ಯಾಖ್ಯಾನವು ಗಲೀಸಿಯನ್ ನುಡಿಯ ಕಿವಿಯಿಂದ ಕೇಳಿದ ವ್ಯಾಖ್ಯಾನ.

ಅನನ್ಯತೆಯ ವಾದ

ಅನುವಾದಕ್ಕೆ ಒಗ್ಗದ ಪದವೆಂಬ ಮಾತು ಆಧುನಿಕ ರಾಷ್ಟ್ರೀಯತೆಯ ಸೃಷ್ಟಿಯೆಂದು ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ತಿ ಸರಿಯಲ್ಲ. 1433ರಿಂದ 1438ರವರೆಗೆ ಆಳಿದ ದೊರೆ ದುಅರ್ತೆ ತನ್ನ ‘ನಿಷ್ಠ ಸಲಹೆಗಾರ’ ಎಂಬ ಗ್ರಂಥದಲ್ಲಿ ದುಃಖ, ಬೇಸರ, ಜಿಗುಪ್ಸೆಗಳಿಂದ ‘ಸುಇದಾದೆ’ಯನ್ನು ಬಿಡಿಸಿ ತೋರಿಸುತ್ತಾ, ಲ್ಯಾಟಿನ್ನಿನಲ್ಲಾಗಲಿ ತಾನರಿತ ಬೇರೆ ನುಡಿಯಲ್ಲಾಗಲಿ ಇದಕ್ಕೆ ಸಮನಾದ ಪದವಿಲ್ಲವೆಂದು ಆಗಲೇ ಹೇಳಿದ್ದಾನೆ. ಆದರೆ ಆ ಗ್ರಂಥದ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದು, ಅಚ್ಚಾದುದು 1842ರಲ್ಲಿ. ಆದುದರಿಂದ ದುಅರ್ತೆಯಿಂದ ಇಂದಿನವರೆಗೆ ಹರಿದುಬಂದ ಅಖಂಡ ಪರಂಪರೆ ಎಂಬ ಚಿತ್ರಣವನ್ನು ಎಚ್ಚರದಿಂದ ಕಾಣಬೇಕು. 1606ರಲ್ಲಿ ಪೋರ್ಚುಗೀಸ್ ಭಾಷೆಯ ಮೂಲವನ್ನು ಕುರಿತು ಬರೆದ ದುಅರ್ತೆ ನೂನೆಸ್ ದೆ ಲಿಅಂವ್ ಈ ಪದವನ್ನು ವಿವರಿಸುವಾಗ ನೆನಪು ಮತ್ತು ಬಯಕೆ ಎಂಬ ಎರಡೇ ಅಂಶಗಳನ್ನು ಹೇಳಿ ಮುಗಿಸುತ್ತಾನೆ. ನಿಘಂಟುಕಾರನ ದೃಷ್ಟಿಯಿಂದ ನೋಡಿದರೆ ಅಂದಿನಿಂದ ಇಂದಿನವರೆಗೆ ಇದಕ್ಕಿಂತ ಉತ್ತಮವಾದ ವಿವರಣೆ ಬಂದಿಲ್ಲ.

ಅನನ್ಯತೆಯು ಸಿದ್ಧಾಂತವಾದುದು 1910ರ ಗಣರಾಜ್ಯ ಕ್ರಾಂತಿಯ ನಂತರ. ‘ಪೋರ್ಚುಗೀಸ್ ಪುನರುಜ್ಜೀವನ’ ಎಂಬ ಸಂಘದ ಮುಂದಾಳಾಗಿದ್ದ ಪಸ್ಕೊಆಯೆಸ್ 1912ರ ಉಪನ್ಯಾಸವೊಂದರಲ್ಲಿ, ಆರ್ಯ ಮತ್ತು ಸೆಮಿಟಿಕ್ ರಕ್ತಗಳ ಬೆರಕೆಯ ಫಲವೇ ಸೌದಾದೆಯೆಂದೂ, ಬಯಕೆ ನೋವುಗಳ ಆ ಬೆಸುಗೆಯೇ ರಾಷ್ಟ್ರದ ಆತ್ಮವೆಂದೂ ಸಾರಿದರು. ಅದೇ ವಲಯದೊಳಗಿನಿಂದ ಅಂತೋನಿಯೊ ಸೆರ್ಜಿಯೊ ಇದನ್ನು ಕಟುವಾಗಿ ವಿರೋಧಿಸಿದರು. ಮಿಕಾಯೆಲಿಸ್ ಅವರ ಗ್ರಂಥವನ್ನು ಪ್ರಕಟಿಸಿದುದೂ ಅದೇ ಸಂಘ. ಬರ್ಲಿನ್ನಿನಲ್ಲಿ ಹುಟ್ಟಿ, ಮದುವೆಯಿಂದ ಪೋರ್ಚುಗೀಸರಾಗಿ, ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದ ಆ ವಿದುಷಿ ಈ ಪದವನ್ನು ಅಕ್ಕರೆಯಿಂದಲೇ ಕಂಡರು. ಆದರೆ ತಮ್ಮ ಹುಟ್ಟುನುಡಿಯ ‘ಸೇನ್‌ಸುಖ್ತ್’ ಪದವನ್ನು ಅದರ ಪಕ್ಕದಲ್ಲಿಟ್ಟು ತೂಗಲು ಹಿಂಜರಿಯಲಿಲ್ಲ. ರಕ್ತದ ಸಿದ್ಧಾಂತಕ್ಕೆ ಲಕಾರಲೋಪದ ಪಟ್ಟಿಯಿಂದ ಉತ್ತರ ಬಂದುದು ಭಾಷಾಶಾಸ್ತ್ರದ ಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ.

ಸಾಗರದಾಚೆ

ಬ್ರೆಜಿಲ್‌ನಲ್ಲಿ ಅರ್ಥಕ್ಕಿಂತ ವಾಕ್ಯರಚನೆಯ ಭೇದ ಹೆಚ್ಚು. ಪೋರ್ಚುಗಲ್‌ನಲ್ಲಿ ‘ಸೌದಾದೆಗಳನ್ನು ಹೊಂದಿರು’ ಎಂದು ಬಹುವಚನ ರೂಢಿ. ಬ್ರೆಜಿಲ್‌ನಲ್ಲಿ ಏಕವಚನ ಧಾರಾಳ, ‘ಸೌದಾದೆಯೊಡನೆ ಇರು’ ಎಂಬ ರಚನೆಯೂ ಬಹಳ ಬಳಕೆಯಲ್ಲಿದೆ. ಅಗಲಿದವರನ್ನು ಕಂಡು ಹಂಬಲ ತೀರಿಸಿಕೊಳ್ಳುವುದಕ್ಕೆ ಎರಡು ಕಡೆಯೂ ‘ಸೌದಾದೆಯನ್ನು ಕೊಲ್ಲು’ ಎನ್ನುತ್ತಾರೆ.

ಕೇಪ್ ವರ್ಡೆ ದ್ವೀಪಗಳ ಕ್ರಿಯೋಲಿನಲ್ಲಿ ಈ ಪದ ‘ಸೊದಾದೆ’. ಸೆಸಾರಿಯಾ ಎವೊರಾ ಅವರ 1992ರ ಧ್ವನಿಮುದ್ರಿಕೆಯಲ್ಲಿನ ಹಾಡಿನಿಂದ ಜಗತ್ತಿನ ಬಹುಪಾಲು ಜನ ಕೇಳಿರುವುದು ಈ ರೂಪವನ್ನೇ. ದುಡಿಮೆಗಾಗಿ ಸಾಂವ್ ತೊಮೆ ದ್ವೀಪದ ತೋಟಗಳಿಗೆ ಹೋದವರ ಅಗಲಿಕೆ ಅದರ ವಸ್ತು. ಇಲ್ಲಿನ ಒಕಾರವನ್ನು ಕಂಡೊಡನೆ ಮಧ್ಯಯುಗದ ‘ಸೊಇದಾದೆ’ ದ್ವೀಪಗಳಲ್ಲಿ ಉಳಿದುಕೊಂಡಿದೆಯೆಂದು ಹೇಳಬೇಕೆನಿಸುತ್ತದೆ. ದ್ವೀಪಗಳಲ್ಲಿ ಜನವಸತಿ ಆರಂಭವಾದುದು 15ನೆಯ ಶತಮಾನದಲ್ಲಿ ಎಂಬುದೂ ಆ ಊಹೆಗೆ ಇಂಬು ಕೊಡುತ್ತದೆ. ಆದರೆ ಬ್ರೆಜಿಲ್‌ನ ಗ್ರಾಮೀಣ ನುಡಿಯಲ್ಲಿಯೂ ‘ಸೊದಾದೆ’ ಉಂಟು. ಅಲ್ಲಿ ‘ಔತೊರಿದಾದೆ’ (ಅಧಿಕಾರ) ಎಂಬುದು ‘ಒತೊರಿದಾದೆ’ ಆಗುತ್ತದೆ. ಆಘಾತಕ್ಕೆ ಮುಂಚಿನ ಔಕಾರ ಒಕಾರವಾಗುವ ಪ್ರವೃತ್ತಿ ಹೀಗೆ ಸ್ವತಂತ್ರವಾಗಿಯೇ ಕಾಣುವಾಗ, ಕೇವಲ ಒಕಾರವನ್ನು ನೆಚ್ಚಿ ಕ್ರಿಯೋಲ್ ರೂಪಕ್ಕೆ ಪ್ರಾಚೀನತೆಯನ್ನು ಆರೋಪಿಸುವುದು ಸಲ್ಲದು. ಮೊದಲು ಹೇಳಿದ ತಪ್ಪಿನ ಇನ್ನೊಂದು ಮುಖವಿದು.

ಪೋರ್ಚುಗೀಸರ ಸಂಪರ್ಕವು ಕನ್ನಡಕ್ಕೆ ಚಾವಿ, ಪಾದ್ರಿ, ಅನಾನಸು, ಅಲಮಾರಿಗಳನ್ನು ತಂದಿತು. ಭಾವವಾಚಕವಾದ ಈ ಪದವನ್ನು ತರಲಿಲ್ಲ. ವ್ಯಾಪಾರ ಮತ್ತು ಮತಪ್ರಚಾರದ ಸಂಪರ್ಕದಲ್ಲಿ ವಸ್ತುವಾಚಕಗಳೇ ಮೊದಲು ದಾಟುವುದು ಸಹಜ. ಹೀಗಾಗಿ ಕನ್ನಡ ಅನುವಾದಕನಿಗೆ ಎರವಲಿನ ಆಸರೆಯಿಲ್ಲ. ‘ವಿರಹ’ ಎಂದರೆ ಅರ್ಥ ಪ್ರಣಯಕ್ಕೆ ಸಂಕೋಚಗೊಳ್ಳುತ್ತದೆ. ಸತ್ತ ಅಜ್ಜಿಯ ಸೌದಾದೆಯನ್ನೂ ಬಾಲ್ಯದ ಸೌದಾದೆಯನ್ನೂ ಅದು ಒಳಗೊಳ್ಳದು. ‘ನೆನಪು’ ಎಂದರೆ ಬಯಕೆ ಬಿಟ್ಟುಹೋಗುತ್ತದೆ. ‘ಹಂಬಲ’ವು ಮುಂದೆ ಬರಲಿರುವುದಕ್ಕೂ ಸಲ್ಲುತ್ತದೆ, ಸೌದಾದೆ ಒಮ್ಮೆ ತನ್ನದಾಗಿದ್ದುದಕ್ಕೆ ಮಾತ್ರ. ‘ನೀನಿಲ್ಲದೆ ಬೇಸರ’ ಎಂಬ ಆಡುಮಾತಿನ ‘ಬೇಸರ’ ಅನೇಕ ಸಂದರ್ಭಗಳಲ್ಲಿ ಇವೆಲ್ಲಕ್ಕಿಂತ ಹತ್ತಿರ ಬರುತ್ತದೆಯೆಂಬುದು ನಮ್ಮ ಅನುಭವ. ವ್ಯಾಕರಣದ ಭೇದವೂ ಗಮನಾರ್ಹ: ಪೋರ್ಚುಗೀಸ್ ಭಾಷಿಕ ಸೌದಾದೆಯನ್ನು ‘ಹೊಂದಿರುತ್ತಾನೆ’, ಕನ್ನಡಿಗನಿಗೆ ಬೇಸರ ‘ಆಗುತ್ತದೆ’, ಅಲ್ಲಿ ಪ್ರಥಮಾ, ಇಲ್ಲಿ ಚತುರ್ಥಿ. ದ್ವಿಭಾಷಾ ನಿಘಂಟಿನಲ್ಲಿ ಗಲೀಸಿಯನ್ನಿನ ‘ಸೊಇದಾದೆ’ಗೂ ಪೋರ್ಚುಗೀಸಿನ ‘ಸೌದಾದೆ’ಗೂ ಬೇರೆ ಬೇರೆ ನಮೂದು ಕೊಡಬೇಕು. ಮೊದಲನೆಯದಕ್ಕೆ ‘ಒಂಟಿತನ’ವನ್ನು ಮುಂದೆ, ‘ಹಂಬಲ’ವನ್ನು ಹಿಂದೆ ಇಡತಕ್ಕದ್ದು, ಎರಡನೆಯದರಲ್ಲಿ ‘ಒಂಟಿತನ’ಕ್ಕೆ ನಿಷ್ಪತ್ತಿಯ ಟಿಪ್ಪಣಿಯಲ್ಲಿ ಮಾತ್ರ ಜಾಗ.